ಪೇಷಂಟ್ ಕಡೆಯೋರು

ಹದಿನೆಂಟು ತುಂಬಿದರೆ ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು, ಡ್ರೈವಿಂಗ್ ಲೈಸೆನ್ಸ್‌ಗೆ ಅರ್ಜಿ ಹಾಕಬಹುದು. ಅದೇ ದಿನ ಇನ್ನೊಂದು ಕಾನೂನೂ ಹೆಗಲೇರುತ್ತದೆ ಎನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ. ತಂದೆ ತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆಯಲ್ಲಿ ಮಗ, ಮಗಳ ಜೊತೆಗೆ ಮೊಮ್ಮಗ, ಮೊಮ್ಮಗಳೂ ಹೊಣೆಗಾರರ ಸಾಲಿನಲ್ಲಿದ್ದಾರೆ. ಹೊರಗುಳಿದವರು ಅಪ್ರಾಪ್ತರು ಮಾತ್ರ.

ಹೊಣೆ ತಪ್ಪಿಸಿಕೊಂಡವರನ್ನು ಹಿಡಿಯಲು ಈ ಕಾಯ್ದೆಯಲ್ಲಿ ಸಾಕಷ್ಟು ದಾರಿಗಳಿವೆ. ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ನೋಡಿಕೊಳ್ಳುತ್ತೇವೆಂಬ ಷರತ್ತಿನ ಮೇಲೆ ಬರೆಸಿಕೊಂಡ ದಾನಪತ್ರವನ್ನು ರದ್ದು ಮಾಡಬಹುದು. ಹಿರಿಯರನ್ನು ಎಲ್ಲೋ ಬಿಟ್ಟು ಬಂದವರಿಗೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಟಿ. ದಾಸರಹಳ್ಳಿಯ ಅಜ್ಜ ಅಜ್ಜಿಯರು ಮೊಮ್ಮಕ್ಕಳ ಮೇಲೆ ದೂರು ಕೊಡುವುದಾದರೆ ಬೆಂಗಳೂರು ಉತ್ತರ ಉಪವಿಭಾಗದ ಕಚೇರಿಗೆ ಹೋಗಬೇಕು. ಆದರೆ ಕಾಲೇಜು ಬಿಟ್ಟು, ಕೆಲಸ ಬಿಟ್ಟು, ರಾತ್ರಿ ನಿದ್ದೆ ಬಿಟ್ಟು ನೋಡಿಕೊಳ್ಳುತ್ತಿರುವ ಮೊಮ್ಮಗಳು ನೆರವು ಕೇಳಿ ಎಲ್ಲಿಗೆ ಹೋಗಬೇಕು? ಅವಳಿಗೆಂದು ಆ ಕಾಯ್ದೆಯಲ್ಲಿ ಒಂದು ಕಲಮೂ ಇಲ್ಲ.

ಈ ಮೊಮ್ಮಗಳನ್ನು ದಾಸರಹಳ್ಳಿಯಲ್ಲಿ ಹುಡುಕುವುದಕ್ಕೆ ಕಾರಣವಿದೆ. ಒಂದು ಮಗ್ಗುಲಲ್ಲಿ ಜಾಲಹಳ್ಳಿ. 1953ರಲ್ಲಿ ಅಲ್ಲಿ ಎಚ್‌ಎಂಟಿ ಬಂತು, ಮರುವರ್ಷ ಬಿಇಎಲ್. ಇನ್ನೊಂದು ಮಗ್ಗುಲಲ್ಲಿ ಎಪ್ಪತ್ತರ ದಶಕದಲ್ಲಿ ಎದ್ದ ಪೀಣ್ಯ ಕೈಗಾರಿಕಾ ಪ್ರದೇಶ. ಕುಣಿಗಲ್, ಮಾಗಡಿ, ತುರುವೇಕೆರೆ, ಚನ್ನರಾಯಪಟ್ಟಣದ ಕಡೆಯಿಂದ ಬಂದು ಲೇತಿನ ಮುಂದೆ ನಿಂತವರು ಮಲ್ಲಸಂದ್ರ, ಬಾಗಲಗುಂಟೆ, ಚೊಕ್ಕಸಂದ್ರಗಳಲ್ಲಿ ಟ್ವೆಂಟಿ ಥರ್ಟಿ ಸೈಟು ಕೊಂಡು ಮನೆ ಕಟ್ಟಿದರು. 2007ರಲ್ಲಿ ದಾಸರಹಳ್ಳಿ ನಗರಸಭೆ ಬೆಂಗಳೂರು ಪಾಲಿಕೆಯೊಳಗೆ ಕರಗಿತು. 2015ರ ಮೇ ತಿಂಗಳಲ್ಲಿ ಮೆಟ್ರೊ ಬಂತು. 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿ ಮುಚ್ಚುವ ತೀರ್ಮಾನವಾಯಿತು. ಅಷ್ಟರಲ್ಲಿ ಆ ಮೊದಲ ತಲೆಮಾರಿಗೆ ವಯಸ್ಸಾಗಿತ್ತು. 1975ರಲ್ಲಿ ಇಪ್ಪತ್ತರ ಹರೆಯದಲ್ಲಿ ಕೆಲಸಕ್ಕೆ ಸೇರಿದವರಿಗೆ ಈಗ ಎಪ್ಪತ್ತು ದಾಟಿದೆ. ಅವರ ಮಕ್ಕಳು ಐವತ್ತರ ಆಸುಪಾಸಿನಲ್ಲಿದ್ದಾರೆ, ಇನ್ನೂ ದುಡಿಯುತ್ತಿದ್ದಾರೆ. ಮೊಮ್ಮಕ್ಕಳು ಡಿಗ್ರಿಯಲ್ಲೋ ಐಟಿಐಯಲ್ಲೋ ಮೊದಲ ಕೆಲಸದಲ್ಲೋ ಇದ್ದಾರೆ.

ಇಂಥ ಮನೆಯಲ್ಲಿ ಅಜ್ಜಿಗೆ ಲಕ್ವ ಹೊಡೆಯಿತು ಅಂದುಕೊಳ್ಳಿ. ಅಪ್ಪನಿಗೆ ಪೀಣ್ಯದ ಪ್ರೆಸ್ ಶಾಪಿನಲ್ಲಿ ಶಿಫ್ಟ್. ಅಮ್ಮ ಗಾರ್ಮೆಂಟ್ಸ್‌ನಲ್ಲಿ ಟೈಲರ್, ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ಗೇಟಿನೊಳಗಿರಬೇಕು. ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದ ಸಂಜೆ ಅಡುಗೆಮನೆಯಲ್ಲಿ ಐದು ನಿಮಿಷ ಮಾತುಕತೆ ನಡೆಯುತ್ತದೆ. ಅಪ್ಪ ಕೆಲಸ ಬಿಟ್ಟರೆ ಮನೆ ಸಾಲದ ಕಂತು ನಿಲ್ಲುತ್ತದೆ, ಅಮ್ಮ ಬಿಟ್ಟರೆ ಚೀಟಿ ಕಟ್ಟುವುದು ನಿಲ್ಲುತ್ತದೆ. ಮಗಳು ಬಿಟ್ಟರೆ? ಅವಳು ಇನ್ನೂ ದುಡಿಯುತ್ತಿಲ್ಲ, ದುಡಿದರೂ ಟ್ರೈನಿ ಸಂಬಳ. ‘ಸದ್ಯಕ್ಕೆ ನೀನು ನೋಡ್ಕೋ ಪುಟ್ಟಿ, ಆಮೇಲೆ ಏನಾದ್ರೂ ಮಾಡೋಣ’ ಎನ್ನುತ್ತಾರೆ.

ಆ ಸಂಜೆಯ ಲೆಕ್ಕದಲ್ಲಿ ತಪ್ಪಿಲ್ಲ. ಯಾರ ಸಂಬಳ ಕಡಿಮೆಯೋ ಅವರು ಮನೆಯಲ್ಲಿರುವುದು ಆ ತಿಂಗಳ ಮಟ್ಟಿಗೆ ಸರಿಯೇ. ಆದರೆ ‘ಸದ್ಯಕ್ಕೆ’ ಎಂದು ಶುರುವಾದದ್ದು ವರ್ಷಗಟ್ಟಲೆ ನಡೆಯಬಹುದು. ಐವತ್ತರ ಅಪ್ಪ ಮೂರು ವರ್ಷ ಮನೆಯಲ್ಲಿ ಕೂತರೆ ಮೂರು ವರ್ಷದ ಸಂಬಳ ಹೋಗುತ್ತದೆ. ಇಪ್ಪತ್ತೊಂದರ ಮಗಳು ಕೂತರೆ ಕ್ಯಾಂಪಸ್ ಇಂಟರ್‌ವ್ಯೂ ಹೋಗುತ್ತದೆ, ಮೊದಲ ಕೆಲಸದ ಅನುಭವ ಹೋಗುತ್ತದೆ, ಆ ಅನುಭವದ ಮೇಲೆ ಸಿಗಬೇಕಿದ್ದ ಎರಡನೇ ಕೆಲಸವೂ ಹೋಗುತ್ತದೆ. ಇಪ್ಪತ್ತನಾಲ್ಕಕ್ಕೆ ರೆಸ್ಯೂಮೆ ಹಿಡಿದು ಹೋದರೆ ಮೂರು ವರ್ಷದ ಗ್ಯಾಪ್ ಯಾಕೆ ಎಂಬುದೇ ಮೊದಲ ಪ್ರಶ್ನೆ.

ನೋಡಿಕೊಳ್ಳುವುದು ಎನ್ನುತ್ತೇವಲ್ಲ, ಹತ್ತಿರದಿಂದ ಕಂಡರೆ ಅದು ತರಬೇತಿ ಬೇಡುವ ಕೆಲಸ. ಮಗ್ಗುಲು ಬದಲಿಸಲಾಗದವರನ್ನು ಎರಡು ಗಂಟೆಗೊಮ್ಮೆ ಹೊರಳಿಸಬೇಕು. ಇಲ್ಲದಿದ್ದರೆ ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಹುಣ್ಣು ಏಳುತ್ತದೆ. ಹುಣ್ಣಿನ ಮೊದಲ ಗುರುತು ಒತ್ತಿದರೂ ಮಾಸದ ಕೆಂಪು ಕಲೆ, ಅದನ್ನು ಟಾರ್ಚ್ ಬಿಟ್ಟು ಹುಡುಕಬೇಕು. ಮೂಗಿನಲ್ಲಿ ರೈಲ್ಸ್ ಟ್ಯೂಬ್ ಇದ್ದರೆ ತಲೆಯ ಕಡೆ ದಿಂಬು ಕೊಟ್ಟು ಎತ್ತರಿಸಿ, ಸೋಸಿದ ಗಂಜಿಯನ್ನು ಸಿರಿಂಜಿನಲ್ಲಿ ನಿಧಾನವಾಗಿ ಬಿಡಬೇಕು. ಬಿಟ್ಟ ಕೂಡಲೇ ಮಲಗಿಸಿದರೆ ಗಂಜಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಸಕ್ಕರೆ ಕಾಯಿಲೆಯಿದ್ದರೆ ಬೆರಳಿಗೆ ಚುಚ್ಚಿ ನೋಡಿ ಇನ್ಸುಲಿನ್ ಹಾಕಬೇಕು. ಡೈಪರ್ ಬದಲಿಸಬೇಕು, ಹಾಸಿಗೆ ಒಗೆಯಬೇಕು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಹೊರವಲಯದ ಬೋರ್‌ವೆಲ್‌ಗಳು ಬತ್ತಿ, ಜನ ಟ್ಯಾಂಕರ್‌ಗೆ ಕಾದು ಬಿಂದಿಗೆ ಲೆಕ್ಕದಲ್ಲಿ ನೀರು ಬಳಸಿದ ತಿಂಗಳುಗಳಲ್ಲಿ ಮಲಗಿದವರಿದ್ದ ಮನೆಗಳು ಹೇಗೆ ನಿಭಾಯಿಸಿದವು ಎಂದು ಯಾರೂ ಕೇಳಲಿಲ್ಲ. ಹಾಸಿಗೆಯ ಬಟ್ಟೆ ಒಗೆಯುವುದನ್ನು ನಾಳೆಗೆ ಎಂದು ಮುಂದೂಡಲಾಗುವುದಿಲ್ಲ.

ಇನ್ನು ಮೆಟ್ಟಿಲು. ಆ ಟ್ವೆಂಟಿ ಥರ್ಟಿ ಸೈಟುಗಳಲ್ಲಿ ಈಗ ಮೂರು ನಾಲ್ಕು ಮಹಡಿ ಎದ್ದಿವೆ, ಲಿಫ್ಟ್ ಇಲ್ಲ. ಕೆಳಗಿನ ಮನೆಗೆ ಬಾಡಿಗೆ ಚೆನ್ನಾಗಿ ಬರುತ್ತದೆಂದು ಮಾಲೀಕರೇ ಎಷ್ಟೋ ಕಡೆ ಮೇಲಿದ್ದಾರೆ. ಡಾಕ್ಟರಿಗೆ ತೋರಿಸಬೇಕಾದ ದಿನ ಅಜ್ಜನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಟವೆಲಿನಿಂದ ಎದೆಗೆ ಕಟ್ಟಿ, ಮುಂದೊಬ್ಬ ಹಿಂದೊಬ್ಬ ಹಿಡಿದು ಇಳಿಸುತ್ತಾರೆ. ಹಿಂದೆ ಹಿಡಿಯುವವನು ಮೊಮ್ಮಗ, ಮುಂದೆ ಹಿಡಿಯಲು ಪಕ್ಕದ ಮನೆಯ ಹುಡುಗ. ಅವನು ಸೆಕೆಂಡ್ ಶಿಫ್ಟ್‌ನಲ್ಲಿದ್ದರೆ ಅಪಾಯಿಂಟ್‌ಮೆಂಟ್ ಬೆಳಿಗ್ಗೆಗೇ ಸಿಗಬೇಕು.

ಆಸ್ಪತ್ರೆಯಲ್ಲಿ ಈ ಯುವಕ ಯುವತಿಯರಿಗೆ ಇರುವ ಹೆಸರು ಒಂದೇ. ವಾರ್ಡಿನ ಬಾಗಿಲಲ್ಲಿ ಸಿಸ್ಟರ್ ಕೂಗುತ್ತಾರೆ: ‘ಪೇಷಂಟ್ ಕಡೆಯೋರು ಯಾರ್ರೀ?’ ಮಲ್ಲೇಶ್ವರದ ಕೆ.ಸಿ. ಜನರಲ್ ಇರಲಿ, ರಾಜಾಜಿನಗರದ ಇಎಸ್‌ಐ ಇರಲಿ, ಕೆ.ಆರ್. ಮಾರ್ಕೆಟ್ ಸ್ಟೇಷನ್ನಿನಲ್ಲಿ ಇಳಿದು ಹೋಗುವ ವಿಕ್ಟೋರಿಯಾ ಇರಲಿ, ಔಷಧ ತರುವವರು, ಸ್ಯಾಂಪಲ್ ಲ್ಯಾಬಿಗೆ ಒಯ್ಯುವವರು, ಸ್ಟ್ರೆಚರ್ ತಳ್ಳುವವರು, ರಾತ್ರಿ ಕಾರಿಡಾರಿನಲ್ಲಿ ಚಾಪೆ ಹಾಸಿಕೊಂಡು ಮಲಗುವವರು ಇವರೇ. ನಮ್ಮ ಸರ್ಕಾರಿ ಆಸ್ಪತ್ರೆಗಳು ನಡೆಯುತ್ತಿರುವುದರಲ್ಲಿ ಅರ್ಧ ಪಾಲು ಈ ‘ಕಡೆಯೋರ’ದೇ ಎಂದರೆ ಅತಿಶಯವಾಗಲಾರದು. ಸುಮಾರು ಒಂದು ದಶಕದ ಹಿಂದೆ ಬೆಂಗಳೂರಿನ ನಾರಾಯಣ ಹೃದಯಾಲಯದ ವಾರ್ಡುಗಳಲ್ಲಿ ಕೆಲಸ ಶುರು ಮಾಡಿದ ನೂರಾ ಹೆಲ್ತ್ ಸಂಸ್ಥೆ ಈ ಸತ್ಯವನ್ನೇ ಬಳಸಿಕೊಂಡಿತು. ಹೇಗೂ ಹಾಸಿಗೆ ಪಕ್ಕ ಕಾದು ಕೂತಿರುವ ಮನೆಯವರಿಗೆ ಗಾಯ ನೋಡಿಕೊಳ್ಳುವುದು, ಅಪಾಯದ ಲಕ್ಷಣ ಗುರುತಿಸುವುದು, ಪಥ್ಯ ಪಾಲಿಸುವುದನ್ನು ಡಿಸ್ಚಾರ್ಜ್‌ಗೆ ಮೊದಲೇ ಕಲಿಸಿತು. ಆಮೇಲೆ ಕರ್ನಾಟಕವೂ ಸೇರಿ ಹಲವು ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳಿಗೂ ಆ ಪಾಠ ಹೋಯಿತು.

ದುಡ್ಡಿನ ವಿಷಯಕ್ಕೆ ಬಂದರೆ ಪೀಣ್ಯದ ಯುವ ಕಾರ್ಮಿಕರಿಗೆ ಎದುರಾಗುವ ಒಂದು ವಿಚಿತ್ರವಿದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ ಇದೆ; 2017ರ ಜನವರಿಯಿಂದ ಮಿತಿ ಇಷ್ಟೇ. ಕಾರ್ಮಿಕರ ಸಂಬಳದಿಂದ ಶೇ 0.75, ಮಾಲೀಕರಿಂದ ಶೇ 3.25 ವಂತಿಗೆ. ಅವಲಂಬಿತ ತಂದೆ ತಾಯಿಗೂ ಇದರಲ್ಲಿ ಚಿಕಿತ್ಸೆಯುಂಟು. ಹೀಗಾಗಿ ಎಷ್ಟೋ ಮನೆಗಳಲ್ಲಿ ಅಪ್ಪನ ಡಯಾಲಿಸಿಸ್, ಅಮ್ಮನ ಬಿ.ಪಿ. ಮಾತ್ರೆ ಎಲ್ಲವೂ ಇಪ್ಪತ್ತೈದರ ಮಗನ ಇಎಸ್‌ಐ ಕಾರ್ಡಿನ ಮೇಲೆ ನಿಂತಿವೆ. ಆ ಹುಡುಗನಿಗೆ ಇನ್‌ಕ್ರಿಮೆಂಟ್ ಸಿಕ್ಕಿ ಸಂಬಳ 22,000 ಆಯಿತೆನ್ನಿ, ಆ ವಂತಿಗೆ ಅವಧಿ ಮುಗಿದ ಮೇಲೆ ಅವನು ಇಎಸ್‌ಐ ವ್ಯಾಪ್ತಿಯಿಂದ ಹೊರಗೆ. ಕೈಗೆ ಬಂದದ್ದು ಸಾವಿರ, ಕೈ ತಪ್ಪಿದ್ದು ಅಪ್ಪನ ಚಿಕಿತ್ಸೆ. ಬಡ್ತಿ ಬಂದರೆ ಖುಷಿಪಡಬೇಕೋ ಬೇಡವೋ ಎಂದು ಲೆಕ್ಕ ಹಾಕುವ ಸ್ಥಿತಿ ಅವನದು. ಅಪ್ರೆಂಟಿಸ್ ಕಾಯ್ದೆಯಡಿ ಸೇರಿದ ಐಟಿಐ ಹುಡುಗನಿಗಂತೂ ಇಎಸ್‌ಐ ಶುರುವೇ ಆಗಿರುವುದಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಆದರೆ ಅದು ಆಸ್ಪತ್ರೆಯೊಳಗಿನ ಚಿಕಿತ್ಸೆಗೆ. ಮನೆಗೆ ಬಂದ ಮೇಲಿನ ಡೈಪರ್, ಏರ್ ಬೆಡ್, ಫಿಸಿಯೊಥೆರಪಿ ಖರ್ಚನ್ನು ಮನೆಯವರೇ ಹೊರಬೇಕು.

ರಜೆಯ ಕಥೆಯೂ ಬೇರೆಯಲ್ಲ. ಇಎಸ್‌ಐ ಕೊಡುವ ಕಾಯಿಲೆ ರಜೆಯ ಭತ್ಯೆ ಕಾರ್ಮಿಕನ ಸ್ವಂತ ಕಾಯಿಲೆಗೆ ಮಾತ್ರ, ಅಪ್ಪನ ಕಾಯಿಲೆಗೆ ಅಲ್ಲ. ಫ್ಯಾಕ್ಟರಿಯಲ್ಲಿ ಇಪ್ಪತ್ತು ದಿನ ದುಡಿದರೆ ಒಂದು ದಿನ ಗಳಿಕೆ ರಜೆ. ಆಸ್ಪತ್ರೆಯ ಒಂದು ವಾರದಲ್ಲಿ ವರ್ಷದ ಅರ್ಧ ಉಳಿತಾಯ ಖಾಲಿ. ಆಮೇಲೆ ಉಳಿಯುವ ದಾರಿ ಕೆಲಸ ಬಿಡುವುದು, ಪಿ.ಎಫ್. ತೆಗೆಯುವುದು, ಮನೆಯಲ್ಲಿ ಎಲ್ಲ ಒಂದು ಹದಕ್ಕೆ ಬಂದಮೇಲೆ ಇನ್ನೊಂದು ಫ್ಯಾಕ್ಟರಿಯಲ್ಲಿ ಹೊಸಬರಾಗಿ ಸೇರುವುದು. ಗ್ರಾಚ್ಯುಯಿಟಿಗೆ ಬೇಕಾದ ಐದು ವರ್ಷದ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. 2016ರ ಏಪ್ರಿಲ್‌ನಲ್ಲಿ, ಮಾಲೀಕರ ಪಾಲಿನ ಪಿ.ಎಫ್. ಹಣವನ್ನು 58 ವರ್ಷವಾಗುವವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಎರಡು ದಿನ ಹೆದ್ದಾರಿಗಿಳಿದರು. ತುಮಕೂರು ರಸ್ತೆಯೂ ನಿಂತಿತು. ಏಪ್ರಿಲ್ 19ರಂದು ಸರ್ಕಾರ ನಿಯಮ ವಾಪಸ್ ಪಡೆಯಿತು. ನಾಯಕರಿಲ್ಲದೆ ಅಷ್ಟು ಜನ ಹೇಗೆ ಸೇರಿದರೆಂದು ಆಗ ಎಲ್ಲರೂ ಬೆರಗಾದರು. ಆ ಹೆಣ್ಣುಮಕ್ಕಳಿಗೆ ಪಿ.ಎಫ್. ನಿವೃತ್ತಿಯ ಹಣವಾಗಿರಲಿಲ್ಲ. ತಂಗಿಯ ಮದುವೆ, ಮಕ್ಕಳ ಫೀಸು, ಅಪ್ಪ ಅಮ್ಮನ ಆಪರೇಷನ್ ಎಲ್ಲಕ್ಕೂ ಅವರ ಬಳಿ ಇದ್ದ ಗಂಟು ಅದೊಂದೇ.

ಹೆಣ್ಣುಮಕ್ಕಳ ಮಾತು ಬಂತು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 15ರಿಂದ 59 ವರ್ಷದ ಮಹಿಳೆಯರಲ್ಲಿ ಶೇ 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರು, ಅದಕ್ಕೆ ದಿನಕ್ಕೆ ಸುಮಾರು 140 ನಿಮಿಷ ಕೊಡುತ್ತಿದ್ದರು. ಗಂಡಸರಲ್ಲಿ ಶೇ 21.4 ಮಂದಿ, 74 ನಿಮಿಷ. ಮಕ್ಕಳ ಪಾಲನೆಯೂ ಇದರಲ್ಲಿ ಸೇರಿದೆ, ನಿಜ. ಆದರೆ ಅಣ್ಣನೂ ತಂಗಿಯೂ ಇರುವ ಮನೆಯಲ್ಲಿ ಅಜ್ಜಿಯ ಸ್ನಾನ ಯಾರ ಪಾಲಿಗೆ, ಆಸ್ಪತ್ರೆಯ ಬಿಲ್ ಯಾರ ಪಾಲಿಗೆ ಎಂದು ತಿಳಿಯಲು ಸಮೀಕ್ಷೆ ಬೇಕಾಗಿಲ್ಲ. ಹುಡುಗನಿಗೆ ಬೀಳುವುದು ಓವರ್‌ಟೈಮ್ ಮತ್ತು ಸಾಲ, ಹುಡುಗಿಗೆ ಬೀಳುವುದು ಹಗಲು ರಾತ್ರಿ. ಹುಡುಗಿಯ ಮದುವೆಯ ಮಾತು ಬಂದಾಗ ಇದು ಇನ್ನೊಂದು ರೂಪ ತಾಳುತ್ತದೆ: ಅವಳು ಹೋದರೆ ಅಜ್ಜಿಯನ್ನು ನೋಡುವವರಿಲ್ಲ ಎಂದು ತವರಿನವರು ಮುಂದೂಡುತ್ತಾರೆ, ಹುಡುಗನ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಹೆಣ್ಣಿನ ಕಡೆಯವರು ಹಿಂದೆ ಸರಿಯುತ್ತಾರೆ. ‘ಸೇವೆ ಮಾಡು, ಪುಣ್ಯ ಬರುತ್ತೆ’ ಎನ್ನುವವರು ಶ್ರವಣಕುಮಾರನ ಹೆಸರು ತರದೆ ಇರುವುದಿಲ್ಲ. ಪಾಪ, ಶ್ರವಣಕುಮಾರನಿಗೆ ಶೇ 75 ಅಟೆಂಡೆನ್ಸ್ ತೋರಿಸಬೇಕಾದ ಕಷ್ಟ ಇರಲಿಲ್ಲ.

ಹಿರಿಯರು ಕಣ್ಣೆದುರಿಗೇ ಇರುವ ಮನೆಗಳ ಮಾತಾಯಿತು. ದಾಸರಹಳ್ಳಿಯ ಬಾಡಿಗೆ ರೂಮುಗಳಲ್ಲಿ ಇನ್ನೊಂದು ಬಗೆಯವರಿದ್ದಾರೆ. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬಂದು ಪೀಣ್ಯದಲ್ಲಿ ದುಡಿಯುವ ಇವರ ಅಪ್ಪ ಅಮ್ಮ ಊರಲ್ಲೇ ಇದ್ದಾರೆ. ಇವರು ನೋಡಿಕೊಳ್ಳುವುದು ಫೋನಿನಲ್ಲಿ: ಮೆಡಿಕಲ್ ಶಾಪಿನವನಿಗೆ ಫೋನ್‌ಪೇ ಮಾಡಿ ಮಾತ್ರೆ ತಲುಪಿಸುವುದು, ಆಶಾ ಕಾರ್ಯಕರ್ತೆಯ ನಂಬರ್ ಇಟ್ಟುಕೊಳ್ಳುವುದು, ದೊಡ್ಡಪ್ಪನ ಮಗನಿಗೆ ಮೇಲಿಂದ ಮೇಲೆ ಫೋನ್ ಹಚ್ಚಿ ‘ಅವ್ವ ಉಂಡಾಳೇನು, ಒಂಚೂರು ನೋಡಿ ಬಾ’ ಅನ್ನುವುದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಮೇಲೆ ಹೆಣ್ಣುಮಕ್ಕಳಿಗೆ ಊರಿಗೆ ಹೋಗುವ ಬಸ್ ಚಾರ್ಜ್ ಉಳಿದಿದೆ, ಉಳಿಯದಿರುವುದು ರಜೆ. ತುಮಕೂರು ಸೀಮೆಯವರಿಗೆ ಇಷ್ಟು ತೊಂದರೆಯಿಲ್ಲ. ಶನಿವಾರ ಸಂಜೆ ಎಂಟನೇ ಮೈಲಿಯಲ್ಲಿ ಬಸ್ ಹತ್ತಿದರೆ ರಾತ್ರಿ ಊಟಕ್ಕೆ ಊರಲ್ಲಿರಬಹುದು, ಭಾನುವಾರ ಅಪ್ಪನ ಕ್ಷೌರ, ಅಮ್ಮನ ಗಂಟುಗಳಿಗೆ ಎಣ್ಣೆ ಎಲ್ಲ ಮುಗಿಸಿ ಸೋಮವಾರದ ಜನರಲ್ ಶಿಫ್ಟ್‌ಗೆ ವಾಪಸ್. ವಾರದ ರಜೆಯೆಂಬುದು ಇವರಿಗೆ ಇನ್ನೊಂದು ಶಿಫ್ಟ್.

ದೂರದಲ್ಲಿದ್ದವರ ತಳಮಳವನ್ನು ಕನ್ನಡ ಸಿನಿಮಾ ಒಮ್ಮೆ ಚೆನ್ನಾಗಿ ಹಿಡಿದಿತ್ತು. 2016ರಲ್ಲಿ ಬಂದ ಹೇಮಂತ್ ಎಂ. ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಅನಂತನಾಗ್ ಮರೆವಿನ ಕಾಯಿಲೆಯ ತಂದೆ, ರಕ್ಷಿತ್ ಶೆಟ್ಟಿ ಮುಂಬೈಯಲ್ಲಿ ಕೆಲಸ ಮಾಡುವ ಮಗ. ಬೆಂಗಳೂರಿನ ಆರೈಕೆ ಕೇಂದ್ರದಲ್ಲಿದ್ದ ಅಪ್ಪನನ್ನು ಹೊರಗೆ ಕರೆದುಕೊಂಡು ಹೋದ ಮಗ ಅವರನ್ನು ಕಳೆದುಕೊಳ್ಳುತ್ತಾನೆ. ಜನ ತಂದೆಗಾಗಿ ಕಣ್ಣೀರಿಟ್ಟರು. ಮಗನ ಸಿಡುಕಿನ ಬಗ್ಗೆ ಮಾತಾಡಿದವರು ಕಡಿಮೆ. ಅರವತ್ತು ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜಿಸಿತು. ಅಷ್ಟು ಮನೆಗಳಲ್ಲಿ ಒಬ್ಬರಾದರೂ ಒಂದೇ ಪ್ರಶ್ನೆಗೆ ದಿನಕ್ಕೆ ನಲವತ್ತು ಸಲ ಉತ್ತರ ಹೇಳುತ್ತಿದ್ದಾರೆ.

ಸಿಡುಕು ಬರುತ್ತದೆ. ಸಿಡುಕಿದ್ದಕ್ಕೆ ಆಮೇಲೆ ಒಳಗೊಳಗೇ ಚುಚ್ಚುತ್ತದೆ. ಅಮೆರಿಕದ ಸ್ಟೀವನ್ ಜಾರಿಟ್ 1980ರಲ್ಲಿ ತಮ್ಮ ಸಹೋದ್ಯೋಗಿಗಳೊಂದಿಗೆ ರೂಪಿಸಿದ ಪ್ರಶ್ನಾವಳಿಯನ್ನು ಆರೈಕೆ ಮಾಡುವವರ ಹೊರೆ ಅಳೆಯಲು ಇಂದಿಗೂ ಜಗತ್ತಿನಾದ್ಯಂತ ಬಳಸುತ್ತಾರೆ. ಅದರಲ್ಲಿ ಕೇಳುವುದು ಇದನ್ನೇ: ಅವರ ಜೊತೆಗಿದ್ದಾಗ ಕೋಪ ಬರುತ್ತದೆಯೇ, ನಿಮಗೆಂದು ಸಮಯ ಉಳಿಯುತ್ತಿದೆಯೇ, ಬೇರೆ ಯಾರಿಗಾದರೂ ಒಪ್ಪಿಸಿಬಿಡೋಣ ಅನಿಸುತ್ತದೆಯೇ. ಇಂಥ ಪ್ರಶ್ನೆಯನ್ನು ನಮ್ಮ ಆಸ್ಪತ್ರೆಯ ಡಿಸ್ಚಾರ್ಜ್ ಕೌಂಟರಿನಲ್ಲಿ ಕೇಳಿದರೆ ಹುಡುಗಿ ಮೊದಲು ಅತ್ತುಬಿಡಬಹುದು. ವಯಸ್ಸಿನ ವ್ಯತ್ಯಾಸವೂ ಇದೆ. ಐವತ್ತರಲ್ಲಿ ಅತ್ತೆಯನ್ನು ನೋಡಿಕೊಳ್ಳುವಾಕೆಗೆ ಕಷ್ಟ ಹೇಳಿಕೊಳ್ಳಲು ಅದೇ ಕಷ್ಟದ ಓರಗೆಯವರು ಸಿಗುತ್ತಾರೆ. ಇಪ್ಪತ್ತೆರಡರ ಹುಡುಗಿಯ ಗೆಳತಿಯರ ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ ನಂದಿ ಬೆಟ್ಟ, ಹೊಸ ಆಫೀಸಿನ ಐ.ಡಿ. ಕಾರ್ಡು. ಇವಳು ಕ್ಯಾಥೆಟರ್ ಚೀಲ ಖಾಲಿ ಮಾಡಿ ಬಂದು ಅದನ್ನು ನೋಡುತ್ತಾಳೆ. ಕ್ರಮೇಣ ಅವರು ಕರೆಯುವುದನ್ನು ನಿಲ್ಲಿಸುತ್ತಾರೆ, ಹೇಗೂ ಬರುವುದಿಲ್ಲವಲ್ಲ ಎಂದು.

ಬೇರೆ ದೇಶಗಳು ಇವರನ್ನು ಎಣಿಸಲು ಶುರುಮಾಡಿ ಕಾಲವಾಯಿತು. ಬ್ರಿಟನ್ನಿನ ಜನಗಣತಿಯಲ್ಲಿ 2001ರಿಂದಲೂ ಸಂಬಳವಿಲ್ಲದ ಆರೈಕೆಯ ಬಗ್ಗೆ ಪ್ರಶ್ನೆಯಿದೆ. ಆದರೂ ಇಂಗ್ಲೆಂಡಿನಲ್ಲಿ ಆರೈಕೆ ಭತ್ಯೆ ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಸಿಗುವುದಿಲ್ಲ. ಓದು ಬಿಟ್ಟರೆ ದುಡ್ಡು, ಓದಿದರೆ ಇಲ್ಲ! ಜಪಾನಿನ ಸೈತಾಮಾ ಪ್ರಾಂತ 2020ರಲ್ಲಿ ಹದಿನೆಂಟರೊಳಗಿನ ಆರೈಕೆದಾರರಿಗೂ ಬೆಂಬಲ ನೀಡುವ ಕಟ್ಟಳೆ ತಂದಿತು, 2024ರಲ್ಲಿ ರಾಷ್ಟ್ರೀಯ ಕಾನೂನಿಗೂ ಅವರ ಉಲ್ಲೇಖ ಸೇರಿತು. ನಮ್ಮ 2011ರ ಜನಗಣತಿಯಲ್ಲಿ ದುಡಿಯದವರಿಗೆ ಇದ್ದ ಕಾಲಂಗಳು ವಿದ್ಯಾರ್ಥಿ, ಮನೆಗೆಲಸ, ಅವಲಂಬಿತ, ಪಿಂಚಣಿದಾರ ಇತ್ಯಾದಿ. ಅಜ್ಜಿಯನ್ನು ಎತ್ತಿ ಕೂರಿಸುವವಳೂ ಅಲ್ಲಿ ಮನೆಗೆಲಸದವಳು ಇಲ್ಲವೇ ಅವಲಂಬಿತೆ.

ರಜೆಯ ವಿಚಾರದಲ್ಲಿ ಸರ್ಕಾರಿ ನೌಕರರ ಪಾಡು ವಾಸಿ. ಕೇಂದ್ರ ನೌಕರರು ವರ್ಷದ 30 ದಿನಗಳ ಗಳಿಕೆ ರಜೆಯನ್ನು ಹೆತ್ತವರ ಆರೈಕೆಗೂ ಬಳಸಬಹುದೆಂದು 2025ರ ಜುಲೈನಲ್ಲಿ ರಾಜ್ಯಸಭೆಗೆ ತಿಳಿಸಲಾಯಿತು. ಅಸ್ಸಾಂ 2017ರಲ್ಲಿ ಹೆತ್ತವರನ್ನು ಕಡೆಗಣಿಸುವ ನೌಕರರ ಸಂಬಳ ಕಡಿತಕ್ಕೆ ಕಾನೂನು ಮಾಡಿತು, 2024ರ ನವೆಂಬರ್‌ನಲ್ಲಿ ಹೆತ್ತವರ ಜೊತೆ ಕಾಲ ಕಳೆಯಲೆಂದೇ ಎರಡು ದಿನ ವಿಶೇಷ ರಜೆಯನ್ನೂ ಕೊಟ್ಟಿತು. ಖಾಸಗಿ ವಲಯದಲ್ಲಿ ಇದು ಆಗದ ಮಾತೇನಲ್ಲ. 2025ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸಂಪುಟ ಖಾಸಗಿ ಸಂಸ್ಥೆಗಳನ್ನೂ ಸೇರಿಸಿ ಮಹಿಳೆಯರಿಗೆ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತಲ್ಲ, ಹಾಗೆಯೇ ಆರೈಕೆ ರಜೆಯನ್ನೂ ಯೋಚಿಸಬಹುದು. ರಜೆಗಿಂತಲೂ ತುರ್ತಾಗಿ ಬೇಕಿರುವುದು ಹಗಲು ಹೊತ್ತು ಹಿರಿಯರನ್ನು ಬಿಟ್ಟು ಬರಬಹುದಾದ ಜಾಗ. ಶಿಶುವಿಹಾರ, ಅಂಗನವಾಡಿ ಬೀದಿಗೊಂದಿವೆ. ಹಿರಿಯರ ಹಗಲು ಕೇಂದ್ರ ಬೆರಳೆಣಿಕೆ. 1998ರಲ್ಲಿ ಶುರುವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮಲ್ಲೇಶ್ವರದಲ್ಲಿ ಅಂಥದೊಂದು ನಡೆಸಿದೆ, ಬಡ ಹಿರಿಯರಿಗೆಂದು ಪಾಲಿಕೆಯ ಜೊತೆಗೂಡಿ ಶಾಂತಿನಗರದಲ್ಲಿ ‘ಸಂಧ್ಯಾ ಕಿರಣ’ ನಡೆಸಿದೆ. ಮೂರನೇ ಮಹಡಿಯಿಂದ ಕುರ್ಚಿಯಲ್ಲಿ ಇಳಿಸಬೇಕಾದವರನ್ನು ದಾಸರಹಳ್ಳಿಯಿಂದ ಶಾಂತಿನಗರಕ್ಕೆ ದಿನಾ ಒಯ್ಯುವುದು ಮಾತ್ರ ಹೇಳಿದಷ್ಟು ಸುಲಭವಲ್ಲ. ಹೋಮ್ ನರ್ಸ್ ಇಟ್ಟುಕೊಳ್ಳಿ ಎನ್ನುವವರಿಗೆ ಒಂದು ಮಾತು: ಇಪ್ಪತ್ತನಾಲ್ಕು ತಾಸಿನ ಅಟೆಂಡರಿಗೆ ಏಜೆನ್ಸಿ ಕೇಳುವ ದುಡ್ಡು ಗಾರ್ಮೆಂಟ್ಸ್ ಟೈಲರಿನ ತಿಂಗಳ ಸಂಬಳವನ್ನು ಮೀರುತ್ತದೆ.

ಈಗಲೇ ಸಿಗುವ ನೆರವು ಕೆಲವಿವೆ. ಕ್ಯಾನ್ಸರ್ ಕೊನೆಯ ಹಂತದವರಿಗೆ ಕುಂದಲಹಳ್ಳಿಯ ಕರುಣಾಶ್ರಯದಲ್ಲಿ ಉಚಿತ ಆರೈಕೆಯಿದೆ, ಅವರದು ಮನೆಗೆ ಬಂದು ನೋಡುವ ತಂಡವೂ ಉಂಟು. ಮರೆವಿನ ಶಂಕೆಯಿದ್ದರೆ ನಿಮ್ಹಾನ್ಸ್‌ನ ಹಿರಿಯರ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ಅರವತ್ತೈದು ದಾಟಿದವರಿಗೆ ಸಂಧ್ಯಾ ಸುರಕ್ಷಾದ 1,200 ರೂಪಾಯಿಗೆ ಅರ್ಜಿ ಹಾಕದಿದ್ದರೆ ಹಾಕಬೇಕು, ಡೈಪರ್ ಖರ್ಚಿನ ಒಂದು ಪಾಲಾದರೂ ಬರುತ್ತದೆ. ನಗರ ಪೊಲೀಸರ ಜೊತೆ ನೈಟಿಂಗೇಲ್ಸ್ 2002ರಿಂದ ನಡೆಸುತ್ತಿರುವ ಸಹಾಯವಾಣಿ 1090, ರಾಷ್ಟ್ರೀಯ ಹಿರಿಯರ ಸಹಾಯವಾಣಿ 14567. ಈ ಎರಡೂ ಹಿರಿಯರಿಗಾಗಿ ಮಾಡಿದವು, ಆದರೆ ನೋಡಿಕೊಳ್ಳುವವರು ಕರೆ ಮಾಡಿದರೂ ಮಾತಾಡುತ್ತಾರೆ. 14567 ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಮಾತ್ರ. ರಾತ್ರಿ ಎರಡರ ಮಗ್ಗುಲು ಬದಲಿಸಿ ಬಂದು ಕೂತವರಿಗೆ ಇನ್ನು ಸಾಕಾಯಿತು ಅನಿಸಿದರೆ, ಮನಸ್ಸಿನ ಆರೋಗ್ಯಕ್ಕೆಂದು 2022ರಲ್ಲಿ ಶುರುವಾದ ಟೆಲಿ ಮಾನಸ್ ಇದೆ. ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು, ಇಪ್ಪತ್ತನಾಲ್ಕು ಗಂಟೆಯೂ ಎತ್ತುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.